ವಿಯೆನ್ನಾದಲ್ಲೊಂದು ಗಯಾ ಯಾತ್ರೆ

ಸೆಪ್ಟೆಂಬರ್ 16, ಮಂಗಳವಾರ. ಬೆಳಿಗ್ಗೆ 7

ಬಿ.ಪಿ. ಮಾತ್ರೆ ಆಯಿತು. ಕಾಫಿ ಆಗಲಿಲ್ಲ. ಹೋಟೆಲಿನ ಕೆಟಲ್‌ನಲ್ಲಿ ನೀರು ಕಾಯಿಸಿ, ಸುಧಾ ಊರಿಂದ ತಂದ ಪುಡಿ ಕಲಸಿದೆವು. ಕಾಫಿಯ ಬಣ್ಣ ಬಂತು, ಕಾಫಿ ಬರಲಿಲ್ಲ. ಕಿಟಕಿಯ ಕೆಳಗೆ ಟ್ರಾಮ್. ನಾಲ್ಕು ನಿಮಿಷಕ್ಕೊಂದು. ಗಡಿಯಾರ ಇಟ್ಟುಕೊಂಡು ನೋಡಿದೆ. ಸರ್ವೆ ಇಲಾಖೆಯಲ್ಲಿ ಮೂವತ್ತೈದು ವರ್ಷ ಚೈನು ಎಳೆಸಿದವನಿಗೆ ಅಳೆಯುವ ಚಟ ಹೋಗುವುದಿಲ್ಲ.

ನಿನ್ನೆ ರಿಸೆಪ್ಷನ್ ಹುಡುಗಿ ‘ಮಿಸ್ಟರ್ ಅಂಡ್ ಮಿಸೆಸ್?’ ಎಂದು ಕೇಳಿದಳು. ಕಾಲೇಜು ಇಂಗ್ಲಿಷ್ ಎಲ್ಲಿಂದಲೋ ಎದ್ದು ಬಂತು — ‘ಯೆಸ್, ವಿತ್ ಇಮೀಡಿಯಟ್ ಎಫೆಕ್ಟ್’ ಎಂದೆ. ಸುಧಾ ಲಿಫ್ಟಿನ ತನಕ ನಕ್ಕರು.

ಸುಳ್ಳೇನಲ್ಲ. ವೀಸಾ ಅರ್ಜಿಯಲ್ಲಿ ವಿಧುರ ಎಂದು ಬರೆದಿದ್ದೆ, ಅದು ಜೂನ್. ಆಗಸ್ಟ್ 28ಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿದೆವು. ನನಗೆ ಅರವತ್ತನಾಲ್ಕು, ಅವರಿಗೆ ಐವತ್ತೊಂಬತ್ತು. ಗೊತ್ತಿರುವುದು ಸಾಕ್ಷಿ ಹಾಕಿದ ಗೆಳೆಯ ಯಲ್ಲಯ್ಯನಿಗೆ ಮಾತ್ರ. ಅಲ್ಲಿಂದ ಇಲ್ಲಿಯ ತನಕ ಅವರು ಗುಬ್ಬಿಯ ಅವರ ಮನೆಯಲ್ಲಿ, ನಾನು ಶೆಟ್ಟಿಹಳ್ಳಿಯಲ್ಲಿ. ಒಂದೇ ಕೋಣೆ ಎಂದರೆ ಇದೇ ಮೊದಲು. ಬಾತ್‌ರೂಮಿಗೆ ಹೋಗುವಾಗಲೂ ‘ಹೋಗಿ ಬರ್ತೀನಿ ಮೇಡಂ’ ಎಂದುಬಿಟ್ಟೆ.

‘ಹೋಗಿಬನ್ನಿ ಸರ್, ಅಟೆಂಡೆನ್ಸ್ ಹಾಕಿರ್ತೀನಿ’ ಎಂದರು.

ಅದೇ ದಿನ, ಸಂಜೆ

ಮಗಳು ಮಾನಸಾಳ ಮೆಸೇಜು. ‘ಅಪ್ಪ, ಗಯಾ ತಲುಪಿದ್ಯಾ? ಪಿತೃಪಕ್ಷದಲ್ಲೇ ಗಯಾ ಸಿಕ್ತಲ್ಲ, ಪುಣ್ಯ ಮಾಡಿದೀಯ. ಅಮ್ಮಂಗೆ ಪಿಂಡ ಹಾಕ್ಬಿಡು. ಮರೀಬೇಡ.’

ಮಗಳಿಗೆ ಹೇಳಿ ಬಂದಿದ್ದು ಕಾಶಿ–ಗಯಾ ಟೂರು, ಯಲ್ಲಯ್ಯನ ಜೊತೆ, ಹತ್ತು ದಿನ. ತಿರುಪತಿ ಎನ್ನಬಹುದಿತ್ತು, ಧರ್ಮಸ್ಥಳ ಎನ್ನಬಹುದಿತ್ತು. ದಿನ ಜಾಸ್ತಿ ಬೇಕಲ್ಲ ಎಂದು ದೂರದ ಊರು ಹುಡುಕಿದೆ. ಸುಳ್ಳು ಹೇಳುವ ಮುಂಚೆ ಪಂಚಾಂಗ ನೋಡಬೇಕು ಎಂದು ಯಾರಿಗೆ ಹೊಳೆಯುತ್ತದೆ? ಹೆಂಡತಿ ಹೊಂಬಾಳ ಹೋಗಿ ನಾಲ್ಕು ವರ್ಷ. ಅವಳಿಗೆ ಪಿಂಡ ಹಾಕುವ ಹೆಸರಿನಲ್ಲಿ ನಾನು ಇಲ್ಲಿ...

‘ಸರಿ ಮಗ’ ಎಂದು ಬರೆದು ಕಳಿಸಿದೆ.

ಸೆಪ್ಟೆಂಬರ್ 17, ಬುಧವಾರ

ಡ್ಯಾನ್ಯೂಬ್ ನದಿ ನೋಡಬೇಕೆಂದು ಸುಧಾ ಬೆಳಿಗ್ಗೆ ಆರಕ್ಕೇ ರೆಡಿ. ಸ್ಕೂಲಿನಲ್ಲಿ ಮೂವತ್ತು ವರ್ಷ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ನದಿ. ಈ ಊರಿಗೆ ಬಂದಿದ್ದೇ ಅದಕ್ಕೆ. ಊರ ನಡುವೆ ಒಂದು ಕಾಲುವೆ ಸಿಕ್ಕಿತು. ಇದೇ ಎಂದುಕೊಂಡು ಕೈ ಮುಗಿದರು. ಫೋಟೊ ತೆಗೆದೆ. ಆಮೇಲೆ ಯಾರೋ ಹೇಳಿದರು — ಇದಲ್ಲ, ನಿಜವಾದ ನದಿ ಇನ್ನೂ ಆಚೆ, ರೈಲಿನಲ್ಲಿ ಹೋಗಬೇಕು. ಹೋದೆವು. ದೊಡ್ಡ ನದಿ. ಬಣ್ಣ ನಮ್ಮ ಕೆರೆ ನೀರಿನದೇ.

‘ಮೂವತ್ತು ಬ್ಯಾಚಿಗೆ ನೀಲಿ ಬಣ್ಣ ತುಂಬ್ಸಿದೀನಿ ರೀ. ಯಾರಿಗೆ ಅಂತ ಸಾರಿ ಹೇಳ್ಲಿ?’

ಆ ಬ್ಯಾಚುಗಳಲ್ಲಿ ಮಾನಸಾಳೂ ಒಬ್ಬಳು. ನಾನು ಗುಬ್ಬಿಯಲ್ಲಿ ಪೋಸ್ಟಿಂಗ್ ಇದ್ದಾಗ ಹೈಸ್ಕೂಲಿನಲ್ಲಿ ಅವಳಿಗೆ ಸಮಾಜ ಪಾಠ ಮಾಡಿದವರು ಇವರು. ಮಗಳ ಬಾಯಲ್ಲಿ ಇವತ್ತಿಗೂ ‘ಸುಧಾ ಮಿಸ್’. ತಮ್ಮ ಅಮ್ಮನನ್ನು ನೋಡಿಕೊಳ್ಳುತ್ತ ಸುಧಾ ಮದುವೆಯಾಗದೆ ಉಳಿದರು. ಎರಡು ವರ್ಷದ ಹಿಂದೆ ಅವರ ಸೈಟಿನ ಒತ್ತುವರಿ ಅಳೆದುಕೊಡಿ ಎಂದು ಕರೆದಿದ್ದರು. ಒಂದೇ ದಿನದ ಕೆಲಸ. ನಾಲ್ಕು ಸಲ ಹೋಗಿ ಅಳೆದೆ.

ನದಿಯ ಕಟ್ಟೆ ಮೇಲೆ ಕೂತಿದ್ದಾಗ ಮೆಸೇಜು. ಮಗಳು ಪಟ್ಟಿ ಕಳಿಸಿದ್ದಾಳೆ. ಹಾಗಲವಾಡಿಯ ನಮ್ಮ ಅಣ್ಣ ವೆಂಕಟರಂಗಯ್ಯನವರು ಹೇಳಿ ಬರೆಸಿದ್ದು. ತಾತ, ಅಜ್ಜಿ, ಚಿಕ್ಕಪ್ಪಂದಿರು, ಬಾಣಂತನದಲ್ಲೇ ಹೋದ ಅತ್ತೆ... ಹನ್ನೊಂದು ಜನ. ‘ಎಲ್ರಿಗೂ ಹಾಕ್ಬೇಕಂತೆ. ಮನೆತನದಲ್ಲಿ ಗಯಾಕ್ಕೆ ಹೋದೋನು ನೀನೊಬ್ನೇ ಅಂತೆ.’

ಸುಧಾ ಪಟ್ಟಿ ಓದಿ ಫೋನು ವಾಪಸ್ ಕೊಟ್ಟರು. ‘ಹೇಳ್ಬಿಡಿ ರೀ.’

‘ಊರಿಗೆ ಹೋಗಿ...’

‘ಆಗಸ್ಟಲ್ಲೂ ಇದೇ ಅಂದ್ರಿ. ನಾನೇನು ಕದ್ದ ಮಾಲೇನ್ರೀ?’

ಎದ್ದೆ. ಸೇತುವೆ ಎಷ್ಟು ಉದ್ದ ಇರಬಹುದು ಎಂದು ಹೆಜ್ಜೆ ಹಾಕಿ ಅಳೆದುಬಂದೆ.

ಸೆಪ್ಟೆಂಬರ್ 18, ಗುರುವಾರ

ಅರಮನೆಗೆಂದು ಹತ್ತಿದ ಟ್ರಾಮ್ ಇನ್ನೊಂದು ದಿಕ್ಕಿಗೆ ಹೊರಟಿತ್ತು. ಎದುರು ಸೀಟಿನಲ್ಲಿ ಮುದುಕ–ಮುದುಕಿ. ನಾನು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡುವುದು ಕಂಡು ಮುದುಕನಿಗೆ ನಗು. ಹೆಸರು ಹರ್ಬರ್ಟ್. ನಲವತ್ತು ವರ್ಷ ಟ್ರಾಮ್ ಓಡಿಸಿ ರಿಟೈರ್ ಆದವನು. ಹೆಂಡತಿ ಗ್ರೇಟೆ. ಅವನ ಇಂಗ್ಲಿಷ್ ಅರ್ಧ, ನನ್ನದು ಅರ್ಧ. ಕೂಡಿಸಿದರೆ ಒಂದಾಯಿತು. ‘ಐ ಆಮ್ ಮಚ್ ಒಬ್ಲೈಜ್ಡ್’ ಎಂದೆ. ಕೈ ಕುಲುಕಿದ. ನಮ್ಮನ್ನು ಅರಮನೆಗೆ ಬಿಡಲು ತಮ್ಮ ಕೆಲಸ ಬಿಟ್ಟು ಬಂದರು. ಉದ್ದಕ್ಕೂ ಅವನದು ಒಂದೇ ಪಾಠ — ಇಲ್ಲಿ ತಿರುವು, ಇಲ್ಲಿ ಬ್ರೇಕು, ಇಲ್ಲಿ ಒಬ್ಬ ಮಹಾರಾಯ ಹಳಿ ಮೇಲೆ ಪಿಯಾನೊ ನಿಲ್ಲಿಸಿದ್ದ.

ಅರಮನೆ ಚೆನ್ನಾಗಿದೆ. ಒಳಗೆ ಹೋದ ಮೇಲೆ ಏನೂ ನೋಡಲಿಲ್ಲ. ಫೋನನ್ನೇ ನೋಡುತ್ತಿದ್ದೆ. ಮಗಳ ಮೆಸೇಜು ಇಲ್ಲ. ಬಂದರೆ ಭಯ, ಬರದಿದ್ದರೆ ಇನ್ನೂ ಭಯ.

ಸೆಪ್ಟೆಂಬರ್ 19, ಶುಕ್ರವಾರ. ಬೆಳಿಗ್ಗೆ

ಯಲ್ಲಯ್ಯನ ಫೋನು. ಲೆಕ್ಕಕ್ಕೆ ಅವನೂ ಗಯಾದಲ್ಲಿರಬೇಕಲ್ಲ, ಹತ್ತು ದಿನ ಕೊತ್ತಗೆರೆಯ ತೋಟ ಬಿಟ್ಟು ಹೊರಗೆ ತಲೆ ಹಾಕಬೇಡ ಎಂದು ಬೇಡಿಕೊಂಡು ಬಂದಿದ್ದೆ.

‘ಏನ್ಲಾ ಶಿವರಾಮ, ನೀನಲ್ಲಿ ಅರಮನೆ ನೋಡ್ಕೊಂಡ್ ಮೆರೀತಿದೀಯ, ನಾನಿಲ್ಲಿ ನನ್ ತೋಟದಾಗೇ ಕಳ್ಳನಂಗೆ ಕುಂತಿವ್ನಿ.’

‘ಇನ್ನು ನಾಕು ದಿನ ಕಣೋ.’

‘ನಿನ್ನೆ ತಡೀನಾರ್ದೆ ಕುಣಿಗಲ್‌ಗೆ ಹೋದೆ ಕಣ್ಲಾ, ಕಟಿಂಗ್ ಮಾಡ್ಸಾಕೆ. ಮಕಕ್ಕೆಲ್ಲ ಸೋಪ್ ಹಚ್ಚವ್ನೆ. ಕನ್ನಡೀಲಿ ನೋಡ್ತೀನಿ, ಹಿಂದ್ಗಡೆ ಬೆಂಚಲ್ಲಿ ನಿನ್ನ ಅಳಿಯ ಚಂದ್ರು!’

ಚಂದ್ರು ಪಶು ಆಹಾರದ ಕಂಪನಿ ರೆಪ್. ಗುರುವಾರ ಅವನಿಗೆ ಕುಣಿಗಲ್ ಲೈನು. ನನಗೆ ನೆನಪಿರಬೇಕಿತ್ತು.

‘ನೋಡಿದ್ನಾ?’

‘ಮಕದ ತುಂಬ ನೊರೆ ಇತ್ತು. ಗುರ್ತು ಸಿಕ್ಕಿಲ್ಲ ಬುಡು.’

‘ಏನೂ ಅನ್ನಲಿಲ್ವಾ?’

‘ಯಲ್ಲಯ್ಯ ಮಾವ, ಗಯಾದಿಂದ ಯಾವಾಗ ಬಂದ್ರಿ ಅಂದ.’

‘...ನೀನೇನಂದೆ?’

‘ನಾನು ಅವನಲ್ಲ ಅಂದೆ.’

ಫೋನು ಇಟ್ಟೆ. ಇನ್ನೊಂದು ಮಾತ್ರೆ ನುಂಗಲೇ ಎಂದು ಯೋಚಿಸಿ, ಬಿಟ್ಟೆ.

ಅದೇ ದಿನ, ಸಂಜೆ 5

ಹರ್ಬರ್ಟ್ ಮನೆಗೆ ಕರೆದಿದ್ದ. ಎರಡು ಕೋಣೆ. ಗ್ರೇಟೆ ಪ್ಲಮ್ ಹಣ್ಣಿನ ಕೇಕು ಮಾಡಿದ್ದಳು. ಸುಧಾ ಬ್ಯಾಗಿನಿಂದ ಚಕ್ಕುಲಿ ಕೊಟ್ಟರು. ಹರ್ಬರ್ಟ್ ಹಲ್ಲುಸೆಟ್ಟು ತೆಗೆದಿಟ್ಟು, ಕಾಫಿಯಲ್ಲಿ ಅದ್ದಿ ತಿಂದ.

ಗೋಡೆ ಮೇಲೆ ಒಬ್ಬ ಹೆಂಗಸಿನ ಫೋಟೊ, ಕೆಳಗೆ ಹೂವು. ತಾಯಿಯೇ ಎಂದು ಕೇಳಿದೆ. ‘ಮೈ ಫಸ್ಟ್ ವೈಫ್’ ಎಂದ. ಹೋಗಿ ಇಪ್ಪತ್ತು ವರ್ಷವಂತೆ. ಗಾಬರಿಯಲ್ಲಿ ‘ಹಾರ್ಟಿ ಕಂಡೊಲೆನ್ಸಸ್’ ಎಂದೆ. ಗ್ರೇಟೆ ನನ್ನ ತಟ್ಟೆಗೆ ಇನ್ನೊಂದು ತುಂಡು ಕೇಕು ಹಾಕಿದಳು. ಹೂವು ಇಟ್ಟಿದ್ದು ಅವಳೇ. ನಾಳೆ ಸಮಾಧಿಗೆ ಹೋಗುತ್ತೇವೆ, ಬರುತ್ತೀರಾ ಎಂದು ಕೇಳಿದಳು, ಸಂತೆಗೆ ಕರೆಯುವ ಹಾಗೆ.

ವಾಪಸ್ ಬರುವಾಗ ಟ್ರಾಮಿನಲ್ಲಿ ಫೋನು ನೋಡಿದೆ. ಮಗಳ ಮೆಸೇಜು ಬಂದಿತ್ತು. ಕುಣಿಗಲ್ ಸುದ್ದಿ ಇಲ್ಲ. ಇಷ್ಟೇ — ‘ಅಪ್ಪ, ಇನ್ನೊಂದು ಹೆಸರು ಸೇರಿಸ್ಕೊ. ಯಲ್ಲಯ್ಯ ಮಾವನ ಅಪ್ಪಂದು. ಮಾವ ಜೊತೇಲೇ ಇದಾರಲ್ಲ.’

ಗೊತ್ತಾಗಿದೆಯೋ ಇಲ್ಲವೋ? ಮೂರು ಸಲ ಓದಿದೆ. ಒಂದೊಂದು ಸಲಕ್ಕೆ ಒಂದೊಂದು ತರ ಕಾಣುತ್ತದೆ.

ಸೆಪ್ಟೆಂಬರ್ 20, ಶನಿವಾರ

71ನೇ ನಂಬರ್ ಟ್ರಾಮ್. ಸ್ಮಶಾನ ಎಂದರೆ ನಂಬಲಾಗದು, ಒಳಗೆ ಬಸ್ಸು ಓಡುತ್ತದೆ. ಕಂಬದಲ್ಲಿ ಸಾಲಾಗಿ ನೀರು ಹಾಕುವ ಕ್ಯಾನುಗಳು ನೇತಾಡುತ್ತಿದ್ದವು. ಗ್ರೇಟೆ ಒಂದು ತೆಗೆದುಕೊಂಡಳು, ನಲ್ಲಿಯಲ್ಲಿ ತುಂಬಿಸಿ ಸವತಿಯ ಸಮಾಧಿ ಮೇಲಿನ ಗಿಡಗಳಿಗೆ ಹಾಕಿದಳು. ಒಣಗಿದ ಎಲೆ ಕಿತ್ತಳು. ಕಲ್ಲಿನ ಮೇಲೆ ಹಕ್ಕಿ ಮಾಡಿದ ಗಲೀಜನ್ನು ಕರ್ಚೀಫಿನಲ್ಲಿ ಒರೆಸಿದಳು. ಏನೋ ಗೊಣಗುತ್ತಿದ್ದಳು. ಏನೆನ್ನುತ್ತಾಳೆ ಎಂದು ಹರ್ಬರ್ಟನನ್ನು ಕೇಳಿದೆ. ‘ನನ್ನ ಮೇಲೆ ಕಂಪ್ಲೇಂಟು’ ಎಂದ. ‘ಎವ್ರಿ ವೀಕ್.’

ಸುಧಾ ಇನ್ನೊಂದು ಕ್ಯಾನು ತುಂಬಿಸಿ ತಂದರು. ಗ್ರೇಟೆಗೆ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗದೆಯೇ —

‘ನಾನೂ ಹಾಕ್ತಿದ್ದೆ. ಜಾಗ ನೀವು ತೋರಿಸ್ಬೇಕಿತ್ತಲ್ಲ.’

ಹಾಗಲವಾಡಿ ತೋಟದ ಮೂಲೆಯಲ್ಲಿದೆ ಹೊಂಬಾಳಳ ಸಮಾಧಿ. ಗುಬ್ಬಿಯಿಂದ ಬಸ್ಸಿನಲ್ಲಿ ಒಂದು ಗಂಟೆ. ಎರಡು ವರ್ಷದಲ್ಲಿ ಒಮ್ಮೆಯೂ ಕರೆದುಕೊಂಡು ಹೋಗಲಿಲ್ಲ. ನಾಲ್ಕು ಸಾವಿರ ಮೈಲಿ ದಾಟಿ ಬಂದು ಯಾರದೋ ಸಮಾಧಿ ಮುಂದೆ ನಿಲ್ಲಿಸಿದ್ದೇನೆ.

ಮಧ್ಯಾಹ್ನ ಮಗಳಿಂದ — ‘ನಾಳೆ ಅಮಾವಾಸ್ಯೆ. ಅಮ್ಮನ ಪಿಂಡದ ಫೋಟೊ ಕಳ್ಸು.’

‘ಕಳಿಸ್ತೀನಿ ಅಂತ ಬರೀತೀರಾ?’ ಸುಧಾ ಕೇಳಿದರು. ಕೋಪ ಇರಲಿಲ್ಲ. ಅದೇ ಕಷ್ಟವಾಯಿತು. ‘ಬರೆದ್ರೆ ಬರೀರಿ. ಆದ್ರೆ ಊರಿಗೋದ್ಮೇಲೆ ನಾನು ಗುಬ್ಬೀಲೇ ಇರ್ತೀನಿ. ನೀವು ಬರ್ಬೇಡಿ. ಬಚ್ಚಿಟ್ಕೊಂಡು ಬಾಳಕ್ಕೆ ನನ್ ಕೈಲಾಗಲ್ಲ.’

ಬರೆಯಲಿಲ್ಲ. ಹೇಳಲೂ ಇಲ್ಲ. ರಾತ್ರಿಯ ತನಕ ಕೋಣೆಯಲ್ಲಿ ಕಿಟಕಿಯಿಂದ ಬಾಗಿಲು, ಬಾಗಿಲಿಂದ ಕಿಟಕಿ. ಹನ್ನೊಂದು ಹೆಜ್ಜೆ.

ಸೆಪ್ಟೆಂಬರ್ 21, ಭಾನುವಾರ. ಬೆಳಿಗ್ಗೆ 11.20

ಇದ್ದಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಹತ್ತೂಕಾಲಿಗೆ ಮಗಳಿಗೆ ನಾನೇ ಫೋನು ಮಾಡಿದೆ. ಊರಲ್ಲಿ ಒಂದೂಮುಕ್ಕಾಲು. ಹಿರಿಯರ ಹಬ್ಬ, ಎಲ್ಲರೂ ಹಾಗಲವಾಡಿಯಲ್ಲಿ ಅಣ್ಣನ ಮನೆ ಸೇರಿರುತ್ತಾರೆ. ಸುಧಾ ಎದುರು ಮಂಚದ ಮೇಲೆ ಕೂತಿದ್ದರು.

‘ಅಪ್ಪ, ಈಗಲ್ಲ. ಕಾಗೆ ಬಂದಿಲ್ಲ.’

ನಮ್ಮಲ್ಲಿ ತೀರಿಕೊಂಡವರಿಗೆ ಇಟ್ಟ ಎಡೆಯಲ್ಲಿ ಒಂದು ಎಲೆ ಮಹಡಿ ಮೇಲೆ ಹೋಗಬೇಕು. ಕಾಗೆ ಮುಟ್ಟುವ ತನಕ ಮನೆಯಲ್ಲಿ ಯಾರಿಗೂ ಊಟ ಇಲ್ಲ. ಮುಟ್ಟಲಿಲ್ಲ ಎಂದರೆ ಹೋದವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ಅರ್ಥ. ಮನೆಯವರು ಎಲೆ ಮುಂದೆ ನಿಂತು ಮಾತು ಕೊಡಬೇಕು, ತಪ್ಪು ಒಪ್ಪಿಕೊಳ್ಳಬೇಕು.

‘ಹನ್ನೆರಡಕ್ಕೇ ಇಟ್ಟಿದ್ದು. ತೆಂಗಿನ ಮರದಲ್ಲಿ ಎರಡು ಕೂತವೆ, ಇಳೀತಿಲ್ಲ. ಮಕ್ಳು ಅಳ್ತಾವೆ.’

ಅಣ್ಣ ಫೋನು ಕಿತ್ತುಕೊಂಡರು. ‘ಶಿವರಾಮ, ಹೊಂಬಾಳಮ್ಮಂದೇ ಕಣೋ ಇದು. ನಾವೆಲ್ಲ ಹೇಳಿ ಆಯ್ತು. ನೀನು ಗಯಾ ಕ್ಷೇತ್ರದಾಗೆ ಕುಂತಿದೀಯ, ಅಲ್ಲಿಂದ್ಲೇ ಒಂದ್ಮಾತು ಹೇಳು. ಫೋನು ಎಲೆ ತಾವ ಇಡ್ತೀವಿ.’

‘ಅಣ್ಣ, ಒಂದ್ನಿಮಿಷ...’

‘ಸ್ಪೀಕರ್ ಹಾಕಮ್ಮಿ. ಎಲ್ರೂ ಸುಮ್ನಿರ್ರೋ!’

ತೆಂಗಿನ ಗರಿಯ ಸದ್ದು ಕೇಳುತ್ತಿತ್ತು. ಇಪ್ಪತ್ತು ಜನ ಹಸಿದುಕೊಂಡು ನಿಂತಿದ್ದಾರೆ, ನಡುವೆ ಎಲೆ, ಎಲೆಯ ಪಕ್ಕ ನಾನು. ಸುಧಾ ಎದ್ದು ಹೊರಗೆ ಹೋಗಲು ನೋಡಿದರು. ಬೇಡ ಎಂದು ಕೈ ಮಾಡಿದೆ.

‘ಹೊಂಬಾಳ,’ ಎಂದೆ. ‘ಹೊಂಬಾಳ, ನಾನು ಗಯಾದಲ್ಲಿಲ್ಲ. ಪಿಂಡ ಹಾಕಿಲ್ಲ. ನಿಂಗೂ ಹಾಕಿಲ್ಲ, ಆ ಪಟ್ಟೀಲಿರೋ ಯಾರಿಗೂ ಹಾಕಿಲ್ಲ. ಫಾರಿನ್ನಿಗೆ ಬಂದಿದೀನಿ. ಮದ್ವೆ ಆಗಿದೀನಿ ಕಣೇ. ಮಾನಸಾಗೆ ಪಾಠ ಹೇಳಿದ್ರಲ್ಲ, ಸುಧಾ ಮಿಸ್ಸು. ಸ್ಕೂಲ್ ಮೀಟಿಂಗಿಗೆ ನೀನೇ ಹೋಗ್ತಿದ್ದಲ್ಲ, ನೋಡಿದೀಯ. ಇಲ್ಲೇ ಕೂತವ್ರೆ. ನಿನ್ ಹೆಸರು ಹೇಳ್ಕೊಂಡು ಸುಳ್ಳಾಡ್ದೆ. ಅದು ತಪ್ಪು. ಮದ್ವೆ ತಪ್ಪಲ್ಲ.’

ಇನ್ನೇನು ಹೇಳಲಿ? ‘ಊಟ ಮಾಡು’ ಎಂದೆ.

ಅತ್ತಿಗೆ ಚಿಕ್ಕಗಂಗಮ್ಮ ಕೆಮ್ಮಿದ್ದು ಕೇಳಿತು. ಫೋನಿನ ಮೇಲೆ ಸೆಕೆಂಡು ಓಡುತ್ತಿತ್ತು. ಒಂದು ನಿಮಿಷ. ಎರಡು. ಆಮೇಲೆ ಸ್ಪೀಕರ್ ಆಫ್ ಆಯಿತು. ಮಗಳ ಉಸಿರು ಹತ್ತಿರ ಬಂತು.

‘ಯಲ್ಲಯ್ಯ ಮಾವ ಕುಣಿಗಲ್‌ನಲ್ಲವ್ರೆ ಅಂತ ಚಂದ್ರು ಗುರುವಾರನೇ ಹೇಳಿದ್ರು. ನೀನೇ ಹೇಳ್ತೀಯೇನೋ ಅಂತ ಕಾಯ್ತಿದ್ದೆ. ದಿನಾ ಮೆಸೇಜ್ ಮಾಡ್ದೆ.’

‘ಮಗಾ...’

‘ಮದ್ವೆಗೆ ನಾನು ಬೇಡ ಅಂತಿದ್ನೇನಪ್ಪ? ಅಮ್ಮನ ಹೆಸರಲ್ಲಿ ಹೇಳ್ಬಿಟ್ಯಲ್ಲ. ಅಮ್ಮನ ಹೆಸರಲ್ಲಿ...’

ಅಳುತ್ತಿದ್ದಳು. ಅಷ್ಟರಲ್ಲಿ ಹಿಂದೆ ಏನೋ ಗಲಾಟೆ. ಅಣ್ಣ ಕೂಗಿದರು, ಏನೆಂದು ತಿಳಿಯಲಿಲ್ಲ. ಮಕ್ಕಳು ಮೆಟ್ಟಿಲಿಳಿದು ದಡದಡ ಓಡಿದ ಸದ್ದು. ಪಾತ್ರೆ ಸದ್ದು. ಮಗಳು ಮೂಗು ಒರೆಸಿಕೊಂಡಳು.

‘ಅಪ್ಪ, ಫೋನ್ ಇಡು. ಎಲೆ ಹಾಕ್ಬೇಕು.’

ಕಟ್ಟಾಯಿತು.

‘ಏನಂದ್ಲು?’ ಸುಧಾ ಕೇಳಿದರು. ಅವರ ಕಣ್ಣು ಕೆಂಪಾಗಿತ್ತು.

‘ಎಲೆ ಹಾಕ್ಬೇಕು ಅಂದ್ಲು.’

‘ಊಟಕ್ಕಾ? ಎಲ್ರಿಗೂ?’

‘ಹೂಂ.’

ಎದ್ದು ನಿಂತರು. ಮತ್ತೆ ಕೂತರು.

‘ಹಂಗಾದ್ರೆ ರೀ, ಕಾಗೆ —’