ಬೇವಿನ ಮರದಡಿ ಎರಡು ಕುರ್ಚಿ

ಕುರುಗೋಡು
೮-೧-೧೯೫೨

ಕಾಲೇಜಿನ ಡ್ರಿಲ್ ಮಾಸ್ತರರಾದ ಪಾಲಯ್ಯನವರಿಗೆ ಜಂಬಣ್ಣನ ನಮಸ್ಕಾರಗಳು.

ಅಕ್ಷರ ದಪ್ಪಗಿವೆ, ಮನ್ನಿಸಿ. ಹೋದ ವಾರ ಬಳ್ಳಾರಿಯ ಫುಟ್‌ಬಾಲ್ ಆಟದಲ್ಲಿ ಸಿರುಗುಪ್ಪದವರು ನಮ್ಮ ಕಾಲೇಜಿನ ಮೇಲೆ ಗೋಲು ಹೊಡೆದಾಗ ನಾನು ಎದ್ದು ರುಮಾಲು ಬೀಸಿ ಕುಣಿದೆ. ಆಟ ಮುಗಿದ ಮೇಲೆ ನಮ್ಮ ಕ್ಯಾಪ್ಟನ್ ಮೈಲಾರಲಿಂಗಪ್ಪ, "ಏನ್ರಿ ಮಾವ, ಸಿರುಗುಪ್ಪದೋರು ಬೀಗರಾದ್ರೇನು?" ಎಂದ. ಉಳಿದ ಹುಡುಗರು ನಗಲಿಲ್ಲ.

ನಾನು ಕಾಲೇಜು ಬಿಟ್ಟು ಇಪ್ಪತ್ತೈದು ವರ್ಷವಾಯಿತು. ಅಂದಿನಿಂದ ಮೈದಾನದ ಆ ಬೇವಿನ ಮರದ ಕೆಳಗೆ ಕೂತು ಒಂದು ಆಟವನ್ನೂ ಬಿಡದೆ ನೋಡಿದ್ದೇನೆ. ಪಕ್ಷ ಬದಲಿಸಿದವನಲ್ಲ. ನಿಜವೆಂದರೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ಆ ಧೂಳಿನಲ್ಲಿ ಕೆಂಪು ಅಂಗಿ ಯಾವುದು, ನೀಲಿ ಯಾವುದು ತಿಳಿಯಲಿಲ್ಲ. ಪಕ್ಕದವರು ಕೂಗಿದರು, ನಾನೂ ಕೂಗಿದೆ; ಅವರು ಸಿರುಗುಪ್ಪದವರೆಂದು ಆಮೇಲೆ ತಿಳಿಯಿತು. ಇದನ್ನು ಹುಡುಗರಿಗೆ ನೀವೇ ಹೇಳಿಬಿಡಿ. ನನಗೆ ನಾಚಿಕೆ.

ಬರುವ ಶನಿವಾರದ ಆಟಕ್ಕೆ ಮರದಡಿ ಎರಡು ಕುರ್ಚಿ ಹಾಕಿಸಬೇಕು. ಹೆಂಗಸರು ಮೈದಾನಕ್ಕೆ ಬರುವ ರೂಢಿಯಿಲ್ಲ, ಬಲ್ಲೆ. ಆದರೂ ನನ್ನ ಹೆಂಡತಿ ಉಚ್ಚೆಂಗೆಮ್ಮನನ್ನು ಕರೆತರುತ್ತೇನೆ. ಆಕೆಗೆ ಆಟ ತಿಳಿಯದು. ಆದರೆ ದೂರದ ಹೊಲದಲ್ಲಿ ಮೇಯುವ ಎತ್ತು ಯಾರದೆಂದು ಇಲ್ಲಿಂದಲೇ ಹೇಳುತ್ತಾಳೆ. ಚೆಂಡು ಯಾರ ಕಾಲಲ್ಲಿದೆ ಎಂದು ಹೇಳಲಾರಳೇ? "ಇಷ್ಟು ವರ್ಷ ನನ್ನ ಮಾತು ಕೇಳಲಿಲ್ಲ, ಈಗ ನಾ ಹೇಳಿದ ಮ್ಯಾಲ ಕೂಗ್ತೀರೇನು?" ಎಂದು ನಗುತ್ತಿದ್ದಾಳೆ.

ನಮ್ಮವರು ಗೋಲು ಹೊಡೆದರೆ ನನ್ನ ಚಪ್ಪಾಳೆ ತುಸು ತಡವಾಗಿ ಬಂದೀತು. ಹುಡುಗರು ತಪ್ಪು ತಿಳಿಯಬಾರದು. ಆಕೆ ಹೇಳಿ ಮುಗಿಸಬೇಕಲ್ಲ.

ಇಂತಿ ನಿಮ್ಮ,
ಜಂಬಣ್ಣ