ಹೆರಾಲ್ಡಿನ ಬಾಡಿ ಎತ್ತಿದ ಮೇಲೆ

ಅರಳಸುರಳಿ
೧೧ ಮೇ ೨೦೨೫, ಭಾನುವಾರ

ಪ್ರೀತಿಯ ತೀರ್ಥೇಶ್ ಚಿಕ್ಕಪ್ಪನಿಗೆ ಸ್ಪಂದನಾ ಮಾಡುವ ನಮಸ್ಕಾರಗಳು.

ಪತ್ರದಲ್ಲಿ ಕ್ಷೇಮ ಸಮಾಚಾರ ಮೊದಲು ಬರೆಯಬೇಕಂತೆ. ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ. ಚೆನ್ನಾಗಿದ್ದಾರೆ ಎಂದು ಬರೆದರೆ ಸುಳ್ಳಾಗುತ್ತದೆ, ಅದಕ್ಕೇ ಬರೆಯಲಿಲ್ಲ. ನಮ್ಮ ಮನೆಯ ಯಾವ ನಂಬರಿನಿಂದ ಮಾಡಿದರೂ ನೀವು ಫೋನ್ ಎತ್ತುವುದಿಲ್ಲ. ಹೊಸನಗರಕ್ಕೆ ಬಂದು ನಿಮ್ಮ ಮುಖ ನೋಡಿಕೊಂಡು ಹೇಳುವಷ್ಟು ಧೈರ್ಯ ನನಗಿಲ್ಲ. ಹಾಗಾಗಿ ಈ ಪತ್ರ.

ನಿಮ್ಮನ್ನು ಕಾಯಿಸುವುದಿಲ್ಲ. ಕಾರು ಓಡುವುದಿಲ್ಲ, ಇನ್ನು ಯಾವತ್ತೂ ಓಡುವುದಿಲ್ಲ. ಮನೆಗೆ ಬರಲು ನಿಮಗಿದ್ದ ಒಂದೇ ದಾರಿ ಮುಚ್ಚಿತು. ಮುಚ್ಚುವಂತೆ ಮಾಡಿದ್ದರಲ್ಲಿ ನನ್ನ ಬಾಯಿಯ ಪಾಲೂ ಇದೆ.

ನಾನು ಕೇಳಿ ಬೆಳೆದದ್ದು ಇಷ್ಟು. ೨೦೦೪ರಲ್ಲಿ ನೀವು ಅಜ್ಜನಿಗೆ ಹೇಳದೆ ಅವರ ಹೆರಾಲ್ಡ್ ಕಾರನ್ನು ಆಗುಂಬೆ ಘಾಟಿ ಇಳಿಸಿ ಮಲ್ಪೆಗೆ ಒಯ್ದಿರಿ. ಗಾಲಿ ಮರಳಿನಲ್ಲಿ ಹೂತು, ಅಲೆಗಳು ಕಾರಿನ ಹೊಟ್ಟೆಗೆ ಬಡಿದವು. ಮೂರು ವರ್ಷ ಕಳೆದು, ಕೋಣಂದೂರಿನ ಒಂದು ಮದುವೆಗೆ ಹೊರಟ ಅಜ್ಜ ಹಿಂದಿನ ಸೀಟಿನಲ್ಲಿ ಕೂತದ್ದೇ ತಳ ಕಳಚಿ, ಸೀಟಿನ ಸಮೇತ ನೆಲಕ್ಕೆ ಇಳಿದರು. ದಿಬ್ಬಣಕ್ಕೆ ಸೇರಿದ್ದವರೆಲ್ಲ ನಕ್ಕರು. ಅದೇ ದಿನ ಅಜ್ಜ ನಿಮ್ಮ ಟ್ರಂಕನ್ನು ಗೇಟಿನ ಹೊರಗೆ ಇಡಿಸಿದರು. “ಕಾರನ್ನ ಸಮುದ್ರಕ್ಕೆ ಇಳಿಸಿ ಕೊಂದೆ. ಅದು ಮೊದಲಿನಂಗೆ ಓಡಿದ ದಿನ ಈ ಅಂಗಳ ತುಳಿ. ಅಲ್ಲೀವರೆಗೆ ನಿನ್ನ ಅವ್ವ ಸತ್ರೂ ಬರಬ್ಯಾಡ” ಅಂದರಂತೆ. ಆಗ ನನಗೆ ಎರಡು ವರ್ಷ.

ನಾನು ಪಿಯುಸಿ ಬಿಟ್ಟವಳು. ಯಾರೂ ಬಿಡಿಸಲಿಲ್ಲ, ಬೇಜಾರಾಗಿ ಬಿಟ್ಟೆ. ಸಾಗರದ ಟೈಲರಿಂಗ್ ಕ್ಲಾಸಿಗೆ ಹನ್ನೊಂದು ದಿನ ಹೋದೆ, ತೀರ್ಥಹಳ್ಳಿಯ ಮೊಬೈಲ್ ಅಂಗಡಿಯಲ್ಲಿ ಮೂರು ತಿಂಗಳು ನಿಂತೆ. ಒಂದೂ ಹಿಡಿಸಲಿಲ್ಲ. ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಬಿದ್ದಿದ್ದ ಹೆರಾಲ್ಡ್ ಹಿಡಿಸಿತು. ನಾನೇ ಬಿಚ್ಚಿ ರಿಪೇರಿ ಮಾಡುತ್ತೇನೆ ಅಂದಾಗ ಅಜ್ಜ ಜೋರಾಗಿ ನಕ್ಕರು. “ಪಿಯುಸಿ ಮುಗ್ಸಕ್ಕಾಗದೋಳು ಕಾರು ಮುಗಿಸ್ತೀಯನಾ? ಮುಗ್ಸು ನೋಡಣ.” ಓಡಿದರೆ ಚಿಕ್ಕಪ್ಪ ಬರಬಹುದಾ ಎಂದು ಕೇಳಿದೆ. “ಈ ಶೇಷಪ್ಪ ಆಡಿದ ಮಾತು ತಿರುಗ್ಸೋನಲ್ಲ” ಅಂದರು.

ಜನವರಿಯಲ್ಲಿ ನಿಮ್ಮನ್ನು ಹುಡುಕಿಕೊಂಡು ಬಂದದ್ದು ಇದನ್ನು ಹೇಳಲಿಕ್ಕೇ. ಅಜ್ಜಿ ಯಾರಿಗೂ ಕಾಣದಂತೆ ನನ್ನ ಚೀಲಕ್ಕೆ ತುರುಕಿದ್ದ ಮಾವಿನಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ನೀವು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆಯೇ ತೆರೆದು, ಒಂದು ಮಿಡಿಯನ್ನು ತೊಟ್ಟಿನವರೆಗೂ ಚೀಪಿದಿರಿ. ಆಮೇಲೆ, “ತಪ್ಪು ನಂದೇ ಕೂಸೆ. ಅಪ್ಪಯ್ಯನ ಮೇಲೆ ನಂಗೆ ಸಿಟ್ಟಿಲ್ಲ” ಅಂದಿರಿ. ಕಾರಿನ ಬಾಡಿ ಎತ್ತುವ ಮೊದಲು ಬಾಗಿಲ ಸಂದಿಗೆ ಕಬ್ಬಿಣದ ಆಂಗಲ್ ಅಡ್ಡ ಬೆಸೆಯಬೇಕು, ಇಲ್ಲದಿದ್ದರೆ ನಡುವಿನಲ್ಲೇ ಮಡಚಿಕೊಳ್ಳುತ್ತದೆ ಎಂದು ಹೇಳಿಕೊಟ್ಟವರೂ ನೀವೇ.

ಹಾಗೇ ಮಾಡಿದೆ. ಕೋಣಂದೂರಿನ ಹಳೆಯ ಮೆಕ್ಯಾನಿಕ್ ಹೂವಯ್ಯನವರು ಈಗ ಕೆಲಸ ಬಿಟ್ಟಿದ್ದಾರೆ. ಅವರು ಸ್ಟೂಲಿನ ಮೇಲೆ ಕೂತು ಬೈಯುತ್ತಿದ್ದರು, ನಾನು ಬಿಚ್ಚುತ್ತಿದ್ದೆ. ಬಾನೆಟ್ಟು, ಬಾಗಿಲು, ಸೀಟು, ಪೆಟ್ರೋಲ್ ಟ್ಯಾಂಕು, ಸ್ಟೇರಿಂಗು ಎಲ್ಲ ತೆಗೆದೆ. ಹೆರಾಲ್ಡಿನಲ್ಲಿ ಬಾಡಿ ಬೇರೆ, ಅದನ್ನು ಹೊರುವ ಅಡಿಯ ಚೌಕಟ್ಟು, ಚಾಸಿ, ಬೇರೆ. ಬರೀ ಬೋಲ್ಟುಗಳ ಮೇಲೆ ನಿಂತಿರುತ್ತದೆ. ಕಚ್ಚಿಕೊಂಡ ಬೋಲ್ಟುಗಳಿಗೆ ಮೂರು ದಿನ ಡೀಸೆಲ್ ಕುಡಿಸಿದೆ. ಆದರೂ ಬಾರದ ಐದನ್ನು ಗ್ರೈಂಡರಿನಲ್ಲಿ ಕೊಯ್ದೆ. ಬಂದವನ್ನು ಬಿಚ್ಚಿದ ಕ್ರಮದಲ್ಲೇ ಹಳೆಯ ಇಡ್ಲಿ ತಟ್ಟೆಗಳ ಗುಳಿಯಲ್ಲಿ ಇಟ್ಟುಕೊಂಡೆ.

ಏಪ್ರಿಲ್ ಮೊದಲ ವಾರ ಎರಡು ಬಿದಿರಿನ ಗಳ ಅಡಿಗೆ ತೂರಿಸಿ ಎಂಟು ಜನ ಬಾಡಿ ಎತ್ತಿದರು. ಒಂದಡಿ ಎದ್ದು ಅಲ್ಲೇ ನಿಂತಿತು. ಹ್ಯಾಂಡ್‌ಬ್ರೇಕಿನ ತಂತಿ ಬಿಚ್ಚಲು ಮರೆತಿದ್ದೆ. “ಹೊಕ್ಕುಳಬಳ್ಳಿ ಕೊಯ್ಯದೆ ಕೂಸು ಎತ್ತೀಯೇನೇ ಮಾರಾಯ್ತಿ?” ಎಂದು ಹೂವಯ್ಯನವರು ಕೂಗಿದರು. ಗಳ ಹಿಡಿದವರು ನಗಲೂ ಆಗದೆ ಇಳಿಸಲೂ ಆಗದೆ ನಡುಗುತ್ತಿದ್ದರು. ನಾನು ಕೆಳಗೆ ನುಗ್ಗಿ ತಂತಿ ಕೊಯ್ದೆ. ಬಾಡಿಯನ್ನು ಹೊತ್ತು ತಂದು ನಾಲ್ಕು ಹಳೇ ಟೈರಿನ ಮೇಲೆ ಕೂರಿಸಿದರು.

ತುಕ್ಕು ಎಲ್ಲಿತ್ತು ಎನ್ನುವುದನ್ನು ಸರಿಯಾಗಿ ಬರೆಯಬೇಕು, ಉಳಿದದ್ದೆಲ್ಲ ಅದರಿಂದಲೇ ಆದದ್ದು. ಸಮುದ್ರದ ನೀರು ಬಡಿದರೆ ಕಾರಿನ ಮುಂಭಾಗ ಮೊದಲು ಹೋಗಬೇಕು, ಅದೂ ಕೆಳಗಿನಿಂದ. ಅಲ್ಲಿ ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿದರೆ ಗಂಟೆಯ ಸದ್ದು ಬಂತು. ಹಳೆಯ ಕಪ್ಪು ಬಣ್ಣ ಕೂಡ ಎದ್ದಿರಲಿಲ್ಲ. ಕೊಳೆತದ್ದು ಡಿಕ್ಕಿಯ ತಳ, ಹಿಂದಿನ ಸೀಟಿನ ತಳ, ಅವುಗಳ ಕೆಳಗಿನ ಚಾಸಿಯ ತೊಲೆ. ಅದೂ ಮೇಲಿನಿಂದ. ತಗಡು ಪದರ ಪದರವಾಗಿ ಎದ್ದು ಬರುತ್ತಿತ್ತು. ಅಡಿಗೆ ಬಳಿದಿದ್ದ ಡಾಂಬರು ಮಾತ್ರ ಚೀಲದ ಹಾಗೆ ತುಕ್ಕಿನ ಪುಡಿಯನ್ನು ತುಂಬಿಕೊಂಡು ಗಟ್ಟಿಯಾಗಿತ್ತು. ಮೇಲಿನಿಂದ ತೂತು ಬಿದ್ದಿದ್ದ ಟೊಳ್ಳು ತೊಲೆಯ ಒಳಗೆ ಕಡ್ಡಿ ಹಾಕಿ ಕೆದಕಿದೆ. ಬಿಳಿ ಉಪ್ಪಿನ ಹೆಂಟೆ ಬಂತು. ಅದರ ಜೊತೆ ತೊಟ್ಟಿನ ಸಮೇತ ಒಣಗಿ ಕಲ್ಲಾದ ನಾಲ್ಕು ಮಾವಿನಮಿಡಿ.

ಹೂವಯ್ಯನವರು ಒಂದನ್ನು ಮೂಸಿ ನೋಡಿದರು. “ಇದು ಮಲ್ಪೆ ಉಪ್ಪಲ್ಲ ಕೂಸೆ, ಮಿಡಿ ಉಪ್ಪು” ಎಂದು ಹೇಳಿ ಬೀಡಿ ಹಚ್ಚಿಕೊಂಡು ಆಚೆ ಹೋದರು.

ಉಪ್ಪಿಗೆ ಹಾಕಿದ ಮಿಡಿಯನ್ನು ಒದ್ದೆ ಕೈಯವರು ಮುಟ್ಟಿದರೆ ವರ್ಷದ ಉಪ್ಪಿನಕಾಯಿ ಕೆಡುತ್ತದೆ ಎಂದು ನಮ್ಮ ಮನೆಯಲ್ಲಿ ಅದನ್ನು ಬೀಗದೊಳಗೆ ಇಡುತ್ತಾರೆ, ನಿಮಗೇ ಗೊತ್ತು. ಮದುವೆ, ಸಾವು ಬಿಟ್ಟರೆ ಹೆರಾಲ್ಡ್ ಶೆಡ್ಡಿನಿಂದ ಹೊರಡುತ್ತಿರಲಿಲ್ಲ. ತಂಪಾದ, ಬೀಗ ಬೀಳುವ ಜಾಗ ಅದರ ಡಿಕ್ಕಿ. ಮಿಡಿಯ ಕ್ಯಾನು ಅಲ್ಲಿಟ್ಟಿದ್ದಾರೆ. ಸೋರಿದ ಉಪ್ಪುನೀರು ಸೀಟಿನ ಅಡಿಗೆ ಹರಿದು ತಗಡನ್ನು ತಿಂದಿದೆ. ನಿಮ್ಮ ಮಲ್ಪೆ ಪ್ರವಾಸದಿಂದ ಆ ಕಾರಿಗೆ ಆದದ್ದು ಏನೂ ಇಲ್ಲ ಚಿಕ್ಕಪ್ಪ.

ಉಪ್ಪಿನಕಾಯಿ ಹಾಕುವವಳು ಅಜ್ಜಿ, ಹಾಗಾಗಿ ಇಟ್ಟವಳೂ ಅಜ್ಜಿಯೇ ಎಂದು ನಾನು ತೀರ್ಮಾನಿಸಿಬಿಟ್ಟೆ. ಆದರೂ ಕಾರು ಮುಗಿಸಿಯೇ ಹೇಳೋಣ ಎಂದು ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದೆ. ಕೊಳೆತದ್ದನ್ನು ಕೊಯ್ದು, ಒಳ್ಳೆಯ ತಗಡು ಸಿಗುವವರೆಗೆ ಹಿಂದೆ ಹೋಗಿ, ಹೊಸ ತಗಡು ಕೂರಿಸಿದೆ. ಮೊದಲ ದಿನ ಗ್ಯಾಸ್ ವೆಲ್ಡಿಂಗಿನಲ್ಲಿ ತೂತಿನ ಮೇಲೆ ತೂತು ಮಾಡಿದೆ. “ದೋಸೆ ಹುಯ್ದಂಗೆ ಹುಯ್ಯಬ್ಯಾಡ, ರಂಗೋಲಿ ಚುಕ್ಕಿ ಇಟ್ಟಂಗೆ ಇಡು. ಒಂದು ಇಲ್ಲಿ, ಒಂದು ಅಲ್ಲಿ” ಎಂದು ಹೂವಯ್ಯನವರು ತಿದ್ದಿದರು. ಕೈ ಕೂತಿತು. ಅಷ್ಟು ಖುಷಿಯಾಗಿ ನಾನು ಯಾವತ್ತೂ ಇರಲಿಲ್ಲ ಎನ್ನುವುದನ್ನೂ ಬರೆದುಬಿಡುತ್ತೇನೆ.

ಕಳೆದ ಭಾನುವಾರದ ಊಟದಲ್ಲಿ ನನ್ನ ಕೈಲಿ ತಡೆಯಲಾಗಲಿಲ್ಲ. ಅಜ್ಜಿ ಬಾಳೆಲೆಯ ತುದಿಗೆ ಮಿಡಿ ಹಾಕಿದಳು. ಆ ಒಣಗಿದ ನಾಲ್ಕು ಮಿಡಿಯನ್ನು ಜೇಬಿನಿಂದ ತೆಗೆದು ಅದರ ಪಕ್ಕ ಇಟ್ಟೆ. ಎಲ್ಲರೆದುರು ಅಂದೆ, “ಚಿಕ್ಕಪ್ಪನ್ನ ಹೊರಗೆ ಹಾಕಿಸಿದ್ದು ಇದು ಅಜ್ಜಿ. ನಿನ್ನ ಮಗನ್ನ ನೀನೇ ಉಪ್ಪಿಗೆ ಹಾಕ್ದೆ.” ಅಜ್ಜಿಯ ಕೈಯ ಸೌಟು ಅಲ್ಲೇ ನಿಂತಿತು. ನಿಜ ಹೇಳುತ್ತಿದ್ದೇನೆ ಎನ್ನುವ ಸೊಕ್ಕಿನಲ್ಲಿ ನನಗೆ ಅವಳ ಮುಖ ಕಾಣಲಿಲ್ಲ.

ಅಜ್ಜ ಅನ್ನ ಕಲಸುತ್ತಲೇ ಅಂದರು, “ಅವಳಿಗೆಂತಕ್ಕೆ ಅಂತೀಯ? ಡಿಕ್ಕಿ ಕೀಲಿ ನನ್ನ ಹತ್ರ ಇತ್ತು. ಕ್ಯಾನು ಇಟ್ಟೋನು ನಾನು.”

ಹಾಗಾದರೆ ಚಿಕ್ಕಪ್ಪನಿಗೆ ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದೆ.

“ಆವತ್ತು ಅಷ್ಟು ಜನ ಹಲ್ಲು ಕಿರಿತಿದ್ರು. ಉಪ್ಪಿನಕಾಯಿ ಇಟ್ಟು ಕಾರು ಕೊಳೆಸ್ದೆ ಅಂತ ಅವರೆದ್ರಿಗೆ ನಾನೇ ಹೇಳ್ಕಣ್ಬೇಕಿತ್ತಾ?”

“ಆಮೇಲಾದ್ರೂ ಕರೀಬಹುದಿತ್ತಲ್ಲ ಅಜ್ಜ? ಹದಿನೆಂಟು ವರ್ಷ ಆಯ್ತು.”

“ಆಮೇಲೆ ನೋಡ್ದೆ, ಒಬ್ಬನ್ನ ಹೊರಗೆ ಹಾಕಿದ್ರೆ ಉಳಿದೋರು ಎಷ್ಟು ಚಂದ ಮಾತು ಕೇಳ್ತಾರೆ ಅಂತ. ನಿನ್ನಪ್ಪ ಒಂದಿನ ಎದುರು ಮಾತಾಡಿದ್ದು ಕೇಳಿದೀಯನಾ?”

ಅಪ್ಪ ಮಜ್ಜಿಗೆ ಕೇಳಿದ. ಅಜ್ಜಿ ಬಡಿಸಿದಳು.

ಸಂಜೆ ಹಿತ್ತಿಲಲ್ಲಿ ಅಜ್ಜಿಯ ಹತ್ತಿರ ಕ್ಷಮೆ ಕೇಳಲು ಹೋದೆ. ನಿನಗೆ ಗೊತ್ತಿತ್ತಾ ಎಂದು ಕೇಳದೆ ಬರಲಾಗಲಿಲ್ಲ. “ಗೊತ್ತಿತ್ತು ಕಣೇ. ಮೊದಲ್ನೇ ವರ್ಷ ಹೇಳಣ ಅಂದ್ಕಂಡೆ, ಹೆದ್ರಿಕೆ. ಎರಡ್ನೇ ವರ್ಷ, ಹೋದ್ವರ್ಷ ಎಂತಕ್ಕೆ ಹೇಳ್ಲಿಲ್ಲ ಅಂತ ಕೇಳ್ತಾನಲ್ಲ ಅಂತ ಸುಮ್ನಾದೆ. ಹಂಗೇ ಹೋತು.” ಕೋಣಂದೂರಿಗೆ ಚಿಕ್ಕಪ್ಪನನ್ನು ಕರೆಸುತ್ತೇನೆ, ಬಂದು ನೋಡು ಅಂದೆ. “ಬ್ಯಾಡ. ಅವನೆದ್ರಿಗೆ ಯಾವ ಮುಖ ಇಟ್ಕಂಡು ನಿಲ್ಲಲಿ?” ಅಂದಳು. ನಾನು ಈ ಕಾರನ್ನು ಬಿಚ್ಚದೇ ಇದ್ದಿದ್ದರೆ ಅವಳು ಕದ್ದು ಬಾಟಲಿ ಕಳಿಸಿಕೊಂಡಾದರೂ ಇರುತ್ತಿದ್ದಳು. ಈಗ ಅದೂ ಇಲ್ಲ.

ಗುರುವಾರ ಬೆಳಿಗ್ಗೆ ತೀರ್ಥಹಳ್ಳಿಯಿಂದ ಗುಜರಿಯವನ ಲಾರಿ ಬಂತು. ಅಜ್ಜ ಕುರ್ಚಿ ಹಾಕಿಸಿಕೊಂಡು ಕೂತರು. ಟೈರಿನ ಮೇಲಿದ್ದ ಬಾಡಿಯನ್ನು ಗ್ಯಾಸ್ ಕಟರಿನಲ್ಲಿ ಮೂರು ತುಂಡು ಮಾಡಿದರು. ನಾನು ಹಾಕಿದ ತಳದ ಮೇಲೆಯೇ ಕಟರು ಹಾಯಿತು. “ಬೆಸುಗೆ ಯಾರದ್ದು? ಗಟ್ಟಿ ಉಂಟಲ್ಲ” ಎಂದು ಗುಜರಿಯವನು ಅಂದ. ನಾನು ಅಡ್ಡ ಬರಲಿಲ್ಲ. ಕೈಕಾಲು ಬರಲಿಲ್ಲ ಎಂದು ಬರೆಯಬಹುದು, ಆದರೆ ಅದು ನಿಜವಲ್ಲ, ಅಜ್ಜನಿಗೆ ಹೆದರಿದೆ.

ಲಾರಿ ಹೋದ ಮೇಲೆ, “ನೀವು ಕೊಟ್ಟ ಮಾತು ಎಲ್ಲಿ ಹೋಯ್ತು ಅಜ್ಜ?” ಎಂದು ಕೇಳಿದೆ. ಅಜ್ಜ ಕುರ್ಚಿಯಿಂದ ಏಳುತ್ತಾ, “ಮಾತು ಹಂಗೇ ಇದೆಯಲ್ಲ. ಕಾರು ಓಡ್ಲಿ, ಅವ್ನು ಬರ್ಲಿ” ಅಂದರು.

ಇಷ್ಟು ನಡೆದದ್ದು. ಇದನ್ನು ತಿಳಿದು ನಿಮಗೆ ಒಳ್ಳೆಯದಾಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಹದಿನೆಂಟು ವರ್ಷ ತಪ್ಪು ನಿಮ್ಮದೇ ಎಂದು ನಂಬಿಕೊಂಡು ಸಿಟ್ಟು ಮಾಡದೆ ಕೂತಿದ್ದಿರಿ. ಇನ್ನು ಸಿಟ್ಟು ಮಾಡಬಹುದು. ನಿಮಗಾಗಿ ನನ್ನ ಕೈಲಿ ಆದದ್ದು ಅಷ್ಟೇ.

ಇಂತಿ,
ನಿಮ್ಮ ಅಣ್ಣನ ಮಗಳು
ಸ್ಪಂದನಾ

ಮರೆತದ್ದು: ಮರೆತದ್ದಲ್ಲ, ಬರೆಯಲು ನಾಚಿಕೆಯಾಗಿ ಬಿಟ್ಟದ್ದು. ಶುಕ್ರವಾರ ಅಜ್ಜ ನನ್ನನ್ನು ಕರೆದು, “ನಿನ್ನ ಕೈ ಒಳ್ಳೇದಿದೆ. ಶೆಡ್ಡು ನಿನಗೇ ಇಟ್ಕ, ಗ್ಯಾರೇಜು ಮಾಡು. ಹೊಸನಗರದೋನ ಸುದ್ದಿ ಮಾತ್ರ ಇವತ್ತಿಂದ ಬಿಡು” ಅಂದರು. ಯೋಚಿಸಲು ಒಂದು ದಿನವನ್ನೂ ನಾನು ಕೇಳಲಿಲ್ಲ. ಹೂಂ ಅಂದೆ. ಬೋರ್ಡಿಗೆ ನನ್ನ ಹೆಸರು ಬರೆಸಲು ಕೊಟ್ಟಿದ್ದಾರೆ. ಒಂದು ಕೊನೆಯ ಪತ್ರ ಬರೆಯುತ್ತೇನೆ ಎಂದು ಕೇಳಿಕೊಂಡೆ. ಈ ಪತ್ರವನ್ನು ಮೇಲೆ ಇಂತಿ ಎಂದು ಹೆಸರು ಹಾಕಿದ ಜಾಗದವರೆಗೆ ಅಜ್ಜ ಕನ್ನಡಕ ಹಾಕಿಕೊಂಡು ಓದಿದರು. ಅಪ್ಪ ಮಜ್ಜಿಗೆ ಕೇಳಿದಲ್ಲಿ ಸ್ವಲ್ಪ ನಕ್ಕರು. “ಎಲ್ಲಾ ಸರಿಯಾಗೇ ಬರ್ದಿದೀಯ. ಪೋಸ್ಟಿಗೆ ಹಾಕು” ಅಂದರು. ನೀವು ಉತ್ತರ ಬರೆದರೆ ಒಡೆಯದೆ ಅವರ ಕೈಗೆ ಕೊಡಬೇಕಂತೆ. ಅದಕ್ಕೂ ಒಪ್ಪಿದ್ದೇನೆ. ಕೊಡುತ್ತೇನೆ.