ಕೆಂಪಾಗದ ಎಂಟನೆಯ ಕಾಲು

ಹಳೆ ಬಂದರು, ಕಾರವಾರ
ಫೆಬ್ರವರಿ ೩೦, ೨೨೧೯

ಹಿಂದಿನವರಿಗೆ,

ತಾರೀಖು ತಪ್ಪಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳು ಯಾವ ತಿಂಗಳಿಗೂ ಸೇರಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರ ಎನಿಸಿದರೆ ಸಹಿಸಿಕೊಳ್ಳಿ. ನಿಮ್ಮ ‘ಬಳಸಿ ಬಿಸಾಡಿ’ ಎಂಬ ಮಾತು ಅರ್ಥವಾಗಲು ನನಗೂ ಬಹಳ ಕಾಲ ಹಿಡಿಯಿತು.

ನಾನು ವಿನುತಾ. ನಲವತ್ತಾರು ವರ್ಷ, ಲೋಹ ಪರೀಕ್ಷಕಿ. ಗಣಿಗಳು ಬರಿದಾಗಿವೆ, ನಮಗೆ ಬೇಕಾದ ಲೋಹವನ್ನೆಲ್ಲ ನಿಮ್ಮ ಗುಜರಿಯಿಂದಲೇ ಕೀಳುತ್ತೇವೆ. ನಿಮ್ಮ ವಿಮಾನದ ಎಂಜಿನ್ನಿನಲ್ಲಿ ತಣ್ಣಗಿರುವ ಮುಂಭಾಗಕ್ಕೆ ಅಲ್ಯೂಮಿನಿಯಂ ಮಿಶ್ರಲೋಹ, ಉರಿಯುವ ಹಿಂಭಾಗಕ್ಕೆ ನಿಕಲ್ ಮಿಶ್ರಲೋಹ. ಮಸಿ ಹಿಡಿದ ಮೇಲೆ ಎರಡೂ ಒಂದೇ ಬೂದು. ಮ್ಯಾಗ್ನೆಟ್ಟಿಗೆ ಎರಡೂ ಅಂಟುವುದಿಲ್ಲ. ನಿಮ್ಮ ಕಾರ್ಖಾನೆಗಳಲ್ಲಿ ಪ್ರತಿ ತುಂಡಿಗೂ ಒಂದು ಕಾಗದವಿತ್ತಂತೆ. ತುಂಡುಗಳು ನಮ್ಮವರೆಗೆ ಬಂದವು, ಕಾಗದಗಳು ಬರಲಿಲ್ಲ.

ನಮ್ಮ ಊರು ಕುಡಿಯುವುದು ಸಮುದ್ರದ ನೀರನ್ನು ಕಾಯಿಸಿ ಭಟ್ಟಿ ಇಳಿಸಿದ ನೀರು. ಅದಕ್ಕೊಂದು ದೊಡ್ಡ ಹಂಡೆ. ಹಂಡೆಗೆ ಎಂಜಿನ್ನುಗಳಿಂದ ಕಿತ್ತ ಎಂಟು ಕಾಲುಗಳು, ಬೆಂಕಿಯ ನಡುವೆಯೇ ನಿಲ್ಲುವಂಥವು. ಒಲೆಯ ಕಿಂಡಿಯಲ್ಲಿ ಕಣ್ಣಿಟ್ಟು, ಕಾಲುಗಳು ಕೆಂಪಾಗುತ್ತಲೇ ಉರಿ ತಗ್ಗಿಸುವ ಕೆಲಸಕ್ಕೆ ನಾವು ಕೆಂಪುನೋಟ ಎನ್ನುತ್ತೇವೆ. ದೇವಮ್ಮ ಹರಿಕಾಂತ್ರ ಹತ್ತೊಂಬತ್ತು ವರ್ಷ ಆ ಕೆಲಸ ಮಾಡಿದವಳು.

ನಿಕಲ್ ಕೆಂಪಾದರೂ ನಿಂತಿರುತ್ತದೆ. ಅಲ್ಯೂಮಿನಿಯಂ ಕೆಂಪಾಗುವುದೇ ಇಲ್ಲ. ಇನ್ನೂರು ಡಿಗ್ರಿ ದಾಟಿದರೆ ಅದರ ಬಲ ಕುಸಿಯತೊಡಗುತ್ತದೆ, ಆರುನೂರು ಚಿಲ್ಲರೆಗೆ ಕರಗುತ್ತದೆ; ಅಲ್ಲಿಯವರೆಗೂ ಬೂದಿಯ ಬಣ್ಣದಲ್ಲೇ ಇರುತ್ತದೆ. ಹೊಸ ಕಾಲುಗಳನ್ನು ಕೂರಿಸಿದ ನಾಲ್ಕನೆಯ ದಿನ, ಮೊದಲ ಸಲ ಪೂರ್ತಿ ಉರಿ ಹಾಕಿದಾಗ, ಏಳು ಕಾಲುಗಳು ಕೆಂಪಾಗತೊಡಗಿದವು, ಎಂಟನೆಯದು ಆಗಲಿಲ್ಲ. ಆ ಮೂಲೆಗೆ ಉರಿ ತಾಗುತ್ತಿಲ್ಲವೆಂದುಕೊಂಡ ದೇವಮ್ಮ ಬೆಂಕಿಯನ್ನು ಅತ್ತಲೇ ತಳ್ಳಿದಳು. ಅವಳಿಗೆ ಕಲಿಸಿದ್ದು ಅದನ್ನೇ. ಕಾಲು ಮೇಣದಂತೆ ಕುಸಿದು, ಹಂಡೆ ವಾಲಿ, ಕುದಿಯುವ ಉಪ್ಪುನೀರು ಅವಳ ಎದೆ, ತೋಳುಗಳ ಮೇಲೆ ಸುರಿಯಿತು.

ಎಂಟೂ ನಿಕಲ್ ಎಂದು ಸಹಿ ಹಾಕಿದವಳು ನಾನು. ಪರೀಕ್ಷಿಸಿದ್ದು ಎರಡನ್ನು ಮಾತ್ರ. ಒಂದು ಹನಿ ಕಾಸ್ಟಿಕ್ ಸೋಡಾ ಸಾಕಿತ್ತು: ಅಲ್ಯೂಮಿನಿಯಂ ಮೇಲೆ ಬಿದ್ದರೆ ನೊರೆ ಏಳುತ್ತದೆ, ನಿಕಲ್ ಸುಮ್ಮನಿರುತ್ತದೆ. ಕಾಲು ಕೂರಿಸುವ ದಿನ ದೇವಮ್ಮ ಒಂದು ತುದಿ ಎತ್ತಿ ನೋಡಿ, “ಅಕ್ಕೋರೆ, ಇದೊಂದು ಹಗುರ ಅದೆ, ಅಲ್ದಾ?” ಎಂದಿದ್ದಳು. ಅಲ್ಯೂಮಿನಿಯಂ ನಿಕಲ್ಲಿನ ಮೂರನೇ ಒಂದು ಪಾಲೂ ತೂಗುವುದಿಲ್ಲ. ಅದು ನನಗೆ ಗೊತ್ತಿತ್ತು. ಆದರೆ ಉರಿಯಲ್ಲಿ ದುಡಿಯುವ ನಿಕಲ್ ತುಂಡುಗಳಲ್ಲಿ ಗಾಳಿ ಹಾಯಲು ನೀವು ಟೊಳ್ಳು ಬಿಡುತ್ತಿದ್ದಿರಿ ಎಂದು ನಿಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಓದಿದ್ದೆ. ಅದನ್ನೇ ಅವಳಿಗೆ ಹೇಳಿದೆ, ಸ್ವಲ್ಪ ಹೆಮ್ಮೆಯಿಂದಲೇ.

ನಮ್ಮ ಅಪಘಾತದ ವರದಿಯಲ್ಲಿ ಮೊದಲ ಕಾಲಂ ‘ಪೂರ್ವದೋಷ’. ತಪ್ಪು ಹಿಂದಿನವರದು ಎಂದು ಅರ್ಥ. ನಾವೆಲ್ಲ ಅದನ್ನೇ ತುಂಬುತ್ತೇವೆ. ನೀವು ಎದ್ದು ಬಂದು ಇಲ್ಲ ಎನ್ನುವುದಿಲ್ಲವಲ್ಲ. ಹಾಗೆ ಬರೆದರೆ ಯಾರಿಗೂ ಶಿಕ್ಷೆಯಿಲ್ಲ, ಗಾಯಾಳುವಿಗೆ ಏನೂ ಸಿಗುವುದಿಲ್ಲ. ಮೂರನೆಯ ಕಾಲಂನಲ್ಲಿ ಪರೀಕ್ಷಕಿಯ ತಪ್ಪೆಂದು ಬರೆದರೆ ನನ್ನ ಕೆಲಸ ಹೋಗುತ್ತದೆ, ನನ್ನ ಮನೆಯ ನೀರಿನ ಪಾಲು ಜೀವನಪೂರ್ತಿ ದೇವಮ್ಮನ ಮನೆಗೆ ಸಲ್ಲುತ್ತದೆ. ಹಂಡೆಮನೆಯ ಮುಖ್ಯಸ್ಥರು ನಿನ್ನೆ ಮನೆಗೇ ಬಂದು, ಸತ್ತವರ ಮೇಲೆ ಹಾಕಿ ಮುಗಿಸಿ ಎಂದು ಬಹಳ ಮೃದುವಾಗಿ ಹೇಳಿಹೋದರು.

ಅವರ ಮಾತಿಗೆ ಆಧಾರ ಒದಗಿಸಲೆಂದೇ ಈ ಪತ್ರ ಶುರುಮಾಡಿದೆನೇ? ಇರಬಹುದು. ಮೇಲೆ ಬರೆದದ್ದನ್ನು ಓದಿದರೆ ನನಗೂ ಹಾಗೇ ಅನಿಸುತ್ತದೆ. ಬೆಳಿಗ್ಗೆ ಆಸ್ಪತ್ರೆಗೆ ಹೋಗಿದ್ದೆ. ದೇವಮ್ಮ ಗೋಡೆಯ ಕಡೆ ನೋಡುತ್ತಲೇ ಹೇಳಿದಳು: “ಹಗುರ ಅದೆ ಅಂದಿದ್ದೆ. ನೀವು ಓದಿದವ್ರು.”

ವರದಿಯಲ್ಲಿ ಮೊದಲ ಕಾಲಂ ಖಾಲಿ ಬಿಟ್ಟು, ಮೂರನೆಯದರಲ್ಲಿ ನನ್ನ ಹೆಸರು ಬರೆದಿದ್ದೇನೆ. ಇದನ್ನು ನೀವು ಕ್ಷಮೆ ಎಂದು ತಿಳಿಯಬೇಡಿ. ನೀವು ತಪ್ಪಿತಸ್ಥರೇ. ನಿಮ್ಮ ಹೆಸರು ಬರೆದರೆ ಅವಳ ಮನೆಗೆ ಒಂದು ಕೊಡ ನೀರೂ ಬರುವುದಿಲ್ಲ, ಅಷ್ಟೇ.

ವಿನುತಾ